ಕುಂಟಾದರೂ ಕೆನೆಯಲಿ

ಬಾಗಿಲು ತೆರೆದರೆ ಸಾಕು, ಸರೋವರವೇ ಒಳಗೆ ಬರುತ್ತದೆ.
ಡುಲೂತಿನ ಫೆಬ್ರವರಿ, ಸೊನ್ನೆಗಿಂತ ಇಪ್ಪತ್ತಾರು ಕೆಳಗೆ.
ಬಿಲ್ಲು ಬರೆಯುವ ಮುನ್ನ ಪೆನ್ನನ್ನು
ಕಂಕುಳಲ್ಲಿಟ್ಟು ಕಾಯಿಸಬೇಕು.
ಇಂಥ ದಿನ ಬಂದ ಆ ಹುಡುಗ, ವೇಡ್ ಕಾಂಗಸ್.
ರೆಪ್ಪೆಯ ಹಿಮ ಕರಗುವ ತನಕವೂ ತಡೆಯದೆ ಕೇಳಿದ:
"ಕೋಲ್ಡ್ ಏರ್ ಇಂಟೇಕ್ ಇದೆಯಾ?
ತಣ್ಣನೆ ಗಾಳಿ ಎಳೆಯುವ ಕೊಳವೆ?"

ನನಗೆ ನಗು. ಮೂವತ್ತೊಂದು ವರ್ಷ ಬಿಡಿಭಾಗ ಮಾರಿದವಳು,
ಬ್ಯಾಟರಿ ಮಾರಿದ್ದೇನೆ, ಎಂಜಿನ್ನಿಗೆ ಹೊದಿಸುವ ಕಂಬಳಿ ಮಾರಿದ್ದೇನೆ,
ಈ ಊರಲ್ಲಿ ದುಡ್ಡು ಕೊಟ್ಟು ಚಳಿ ಕೊಂಡವರನ್ನು ಕಂಡಿಲ್ಲ.
ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ!

ಅವನು ನಗಲಿಲ್ಲ. ಕೈಗವಸು ಬಿಚ್ಚಿ ನೋಟು ಎಣಿಸಿದ.
ಕಂಡವರ ಅಂಗಳದ ಹಿಮ ಎತ್ತಿದ ದುಡ್ಡು, ಇನ್ನೂ ಒದ್ದೆ.
ಸರಿ, ವ್ಯಾಪಾರ ವ್ಯಾಪಾರವೇ. ಪಟ್ಟಿ ತೆರೆದೆ.

ಗಿಡ್ಡ ಕೊಳವೆ ನೂರ ನಲವತ್ತಕ್ಕೆ.
ಎಂಜಿನ್ನಿನ ಮಗ್ಗುಲಲ್ಲೇ ಕೂತು ಅದು ಬಿಟ್ಟ ಬಿಸಿಯನ್ನೇ ಮತ್ತೆ ಕುಡಿಯುತ್ತದೆ,
ಮುಸುಕೆಳೆದು ಮಲಗಿದವನ ಉಸಿರಿನ ಹಾಗೆ.
ಉದ್ದದ್ದು ಇನ್ನೂರ ಎಂಬತ್ತು. ಬಂಪರಿನ ಹಿಂದೆ, ಚಕ್ರದ ಪಕ್ಕ,
ತಗ್ಗಿಗೆ ಮೂತಿ ಇಳಿಬಿಡುತ್ತದೆ. ಅಲ್ಲಿ ಗಾಳಿ ತಣ್ಣಗೆ, ನಿಜ;
ಮಾರ್ಚಿನ ಕರಗಿದ ಕೆಸರು, ರಸ್ತೆಯ ಉಪ್ಪುನೀರು, ಅದೂ ಅಲ್ಲೇ.
ಎಂಜಿನ್ ಗಾಳಿಯನ್ನು ಹಿಂಡಬಲ್ಲದು, ನೀರನ್ನು ಹಿಂಡಲಾರದು.
ಒಂದು ದೊಡ್ಡ ಗುಟುಕು, ಒಳಗೆ ರಾಡು ಬಾಗಿತು ಅಂತಲೇ ತಿಳಿ.
ಫಿಲ್ಟರು ಎಣ್ಣೆ ಸವರಿದ ಹತ್ತಿಯದೋ, ಒಣದೋ?
ಎಣ್ಣೆ ಹೆಚ್ಚಾದರೆ ಗಾಳಿ ಅಳೆಯುವ ಕೂದಲೆಳೆ ತಂತಿ ಜಿಡ್ಡುಗಟ್ಟಿ
ಎಂಜಿನ್ನಿಗೆ ಸುಳ್ಳು ಲೆಕ್ಕ ಒಪ್ಪಿಸುತ್ತದೆ.
"ಎಷ್ಟು ಅಶ್ವಶಕ್ತಿ ಹೆಚ್ಚುತ್ತೆ?"
ಡಬ್ಬದ ಮೇಲೆ ಹನ್ನೆರಡು ಕುದುರೆ ಅಂತ ಬರೆದಿದೆ.
ಮೂರು, ಅಂದೆ ನಾನು. ಅದರಲ್ಲೂ ಒಂದು ಕುಂಟು.

"ಈಗಿರುವ ಪೆಟ್ಟಿಗೆ ಬಿಚ್ಚಿ ನೋಡಿದ್ದೀಯಾ?"
ಇಲ್ಲ.

ಅಂಗಡಿಯ ಹಿಂದೆ ಕಾರು. ಹದಿನೆಂಟು ವರ್ಷದ ಬೆಳ್ಳಿ ಬಣ್ಣ,
ಹೆಲ್ಮಿ ದೊಡ್ಡಮ್ಮನ ಸೌನಾ ಪಕ್ಕದ ಶೆಡ್ಡಿನಲ್ಲಿ ಎರಡು ವರ್ಷ ನಿಂತದ್ದು.
ಸಪಾಟು ರಸ್ತೆಯಲ್ಲಿ ಓಡುತ್ತೆ, ಗುಡ್ಡ ಹತ್ತುವಾಗ ಏದುಸಿರು, ಅಂದ.
ಕ್ಲಿಪ್ಪು ನಾಲ್ಕು. ಒಂದು ಚಳಿಗೆ ಕಡ್ಡಿಯಂತೆ ಮುರಿಯಿತು.
ಮುಚ್ಚಳ ಎತ್ತಿದೆವು.

ಒಳಗೊಂದು ಮನೆ.

ಸೀಟಿನ ಸ್ಪಂಜು, ಗೋಡೆಯೊಳಗಿನ ಗುಲಾಬಿ ಹತ್ತಿ, ಓಕ್ ಕಾಯಿ ಹನ್ನೊಂದು,
ಚರ್ಚಿನ ಚೀಟಿಯ ಚೂರು, "ಕಾಫಿಯ ನಂತರ" ಎಂಬಷ್ಟು ಓದಬಹುದಿತ್ತು,
ನರೆಗೂದಲ ಒಂದು ಸುರುಳಿ, ಹೆಲ್ಮಿಯದೇ ಇರಬೇಕು.
ಸುಂಡಿಲಿ ಇರಲಿಲ್ಲ. ಅಳೆದು ತೂಗಿ ಆರಿಸಿತ್ತು ಜಾಗ:
ಗಾಳಿ ಆಡಬೇಕು, ನೀರು ನುಗ್ಗಬಾರದು, ಬೆಕ್ಕಿನ ಕೈ ತೂರಬಾರದು.
ನನ್ನ ಗಿರಾಕಿಗಳಲ್ಲಿ ಇಷ್ಟು ಜಾಣರು ಕಡಿಮೆ.
ಇಷ್ಟು ದಿನ ಈ ಕಾರು
ಯಾರದೋ ಹಾಸಿಗೆಯ ಮೂಲಕ ಉಸಿರಾಡಿತ್ತು.

ಹುಡುಗ ನಿಧಾನಕ್ಕೆ ಬಿಡಿಸಿ ತೆಗೆದ. ಓಕ್ ಕಾಯಿಗಳನ್ನು
ಯಾಕೋ ಜೇಬಿಗೆ ಹಾಕಿಕೊಂಡ.
ಕಾಗದದ ಫಿಲ್ಟರು, ಹತ್ತೊಂಬತ್ತು ಡಾಲರು.
ಗುಡ್ಡ ಹತ್ತಿ ಹೋಯಿತು ಕಾರು, ಏದದೆ.
ಅವತ್ತು ನನ್ನ ಬಗ್ಗೆ ನನಗೇ ಕೊಂಚ ಹೆಮ್ಮೆ.

ಏಪ್ರಿಲ್. ಬಂದರಿನ ಮಂಜು ಒಡೆದು ಹಡಗು ಬಂದ ವಾರ
ಮತ್ತೆ ಬಂದ. "ಉದ್ದದ್ದು ಕೊಡಿ."
"ಯಾಕಪ್ಪಾ, ಓಡ್ತಿಲ್ವಾ?"
"ಓಡುತ್ತೆ. ಸದ್ದೇ ಇಲ್ಲ."
"ಮೂರೇ ಕುದುರೆ," ನೆನಪಿಸಿದೆ, "ಒಂದು ಕುಂಟು."
"ಕುಂಟಾದರೂ ಸರಿ," ಅಂದ, "ಕೆನೆಯಲಿ."

ಮಾರಿದೆ. ಒಣ ಫಿಲ್ಟರಿನದು.
ಬಿಲ್ಲಿನ ಬೆನ್ನಿಗೆ ಬರೆದೆ: ನೀರು ಕಂಡರೆ ಸುತ್ತು ಹಾಕು.
ಸಂಜೆ ಶಟರು ಎಳೆಯುವಾಗ ಕೇಳಿಸಿತು, ಗುಡ್ಡದ ಮೂರನೇ ತಿರುವಿನಲ್ಲಿ
ಒಂದು ಆಳದ ಉಸಿರು, ಆಮೇಲೆ ಗಂಟಲು.

ಆ ರಾತ್ರಿ ಟಾರ್ಚು ಹಿಡಿದು
ನನ್ನ ವ್ಯಾನಿನ ಪೆಟ್ಟಿಗೆಯನ್ನೂ ಬಿಚ್ಚಿ ನೋಡಿದೆ.
ಚೊಕ್ಕಟ. ಖಾಲಿ.
ಯಾರೂ ಆರಿಸಿರಲಿಲ್ಲ ಅದನ್ನು.