ನಡುವೆ ಉಳಿಯುವ ಬೆರಳು

ಮಾರ್ಚಿನ ಕೊಳೆತ ಹಿಮವನ್ನು ಬೂಟಿನಿಂದ ಕುಟ್ಟಿ ಉದುರಿಸಿ
ವೋರು ಪಟ್ಟಣದ ಅಂಗಡಿಗೆ ನುಗ್ಗಿದೆವು, ನಾನು ಮತ್ತು ಹೆಲ್ಡುರ್.
ಜೇಬಲ್ಲಿ ಚೀಟಿ: ಮೂವತ್ತೆಂಟು ತೊಲೆ, ಪೈನು,
ಇಪ್ಪತ್ತಕ್ಕೆ ಇಪ್ಪತ್ತು ಸೆಂಟಿಮೀಟರು.
ಕೃಷ್ಣಪಕ್ಷದಲ್ಲಿ ಕಡಿದದ್ದು, ಹುಳ ಹಿಡಿಯದು
ಎಂದಿದ್ದ ಮಾರಿದವನು.
ಚಂದ್ರನ ರಸೀದಿ ಮಾತ್ರ ಕೊಟ್ಟಿರಲಿಲ್ಲ.

ತಾರ್ಮೋ ಮೊದಲು ದೊಡ್ಡದನ್ನೇ ಇಳಿಸಿದ.
ಕೆಳಗಿನ ಹಲಗೆ ಹೂಂ ಅಂದಿತು.
ಸೌನಾದ ಹಂಡೆಯ ಮುಚ್ಚಳದಷ್ಟು ಅಗಲ ಅಲಗು,
ಎಣ್ಣೆ ಸವರಿದ ಹಲ್ಲು, ಒಂದೂ ಉದುರದ ಹೊಸ ಬಾಯಿ.
"ಹದಿನಾರು ಸೆಂಟಿಮೀಟರು, ಒಂದೇ ಕೊಯ್ತಕ್ಕೆ"
ಅಂದ, ತಾನೇ ಹೆತ್ತವನ ಹಾಗೆ.

ಎತ್ತಿ ನೋಡಿದೆ. ಹದಿನೈದು ಕಿಲೋ.
ಮೊದಲ ಉಸಿರಿಗೆ ಮಗು,
ಎರಡನೆಯದಕ್ಕೆ ಕರು,
ಮೂರನೆಯದಕ್ಕೆ ಯಾರದೋ ಸಾಲಕ್ಕೆ ಜಾಮೀನು ನಿಂತ ಹಾಗೆ.
ಆದರೂ ಇಳಿಸಲು ಮನಸ್ಸಿಲ್ಲ, ಸುಳ್ಳು ಯಾಕೆ ಹೇಳಲಿ.
ಕಳೆದ ಬೇಸಿಗೆ ಪೋಲ್ವಾದಲ್ಲಿ ಚಾವಣಿ ಹೊದಿಸಲು ಬಂದವರು
"ಬಡಗಿ ಎಲ್ಲಮ್ಮಾ?" ಎಂದು ನನ್ನನ್ನೇ ಕೇಳಿದ್ದರು.
ಇದನ್ನು ಹೆಗಲಿಗೇರಿಸಿ ಅವರೆದುರು ಒಮ್ಮೆ
ಸುಮ್ಮನೆ ಹಾದುಹೋದರೆ ಸಾಕಿತ್ತು.

ಹೆಲ್ಡುರ್ ಬೆಲೆ ಕೇಳಲಿಲ್ಲ. ವೋಲ್ಟು, ವಾಟು ಕೇಳಲಿಲ್ಲ.
"ಗುಂಡಿ ಬಿಟ್ಟ ಮೇಲೆ ನಿಲ್ಲುವುದಕ್ಕೆ ಎಷ್ಟು ಹೊತ್ತು?" ಅಂದ.

ತಾರ್ಮೋ ಪ್ಲಗ್ಗು ಸಿಕ್ಕಿಸಿ, ತಿರುಗಿಸಿ, ಬಿಟ್ಟ.
ನಾವು ಎಣಿಸಿದೆವು, ನಾನು ಬಾಯಲ್ಲಿ,
ಹೆಲ್ಡುರ್ ಬೆರಳಲ್ಲಿ.
ಎಂಟಕ್ಕೆ ಅವನ ಬೆರಳು ಮುಗಿದವು.
ಅಲಗು ಇನ್ನೂ ತಿರುಗುತ್ತಿತ್ತು.

ಉಳಿದೆರಡು ತೊಂಬತ್ತೆರಡರಲ್ಲಿ ಹೋದವು,
ಸಾಮೂಹಿಕ ಫಾರ್ಮಿನ ಸಾಮಿಲ್ಲು ಮುಚ್ಚಿದ ವಾರ,
ನಿಂತಿತೆಂದುಕೊಂಡು ಕೈ ಹಾಕಿದಾಗ.
ಅವನು ಹೇಳಿದ್ದಲ್ಲ ಇದು, ಅವನ ಹೆಂಡತಿ ಹೇಳಿದ್ದು,
ಆಲೂಗಡ್ಡೆ ಸುಲಿಯುತ್ತ, ತಲೆ ಎತ್ತದೆ.

ಚಿಕ್ಕದನ್ನೇ ತಂದೆವು. ಪಾದದುದ್ದ ಅಲಗು,
ಮೂರು ಎನ್ನುವಷ್ಟರಲ್ಲಿ ಗಪ್ಪನೆ ಹಿಡಿಯುವ ಬ್ರೇಕು.
ಮೇಲಿನಿಂದ ಒಂಬತ್ತೂವರೆ, ಹೊರಳಿಸಿ ಒಂಬತ್ತೂವರೆ,
ನಡುವೆ ಕಿರುಬೆರಳ ದಪ್ಪ ಉಳಿಯುತ್ತದೆ,
ಯಂತ್ರ ಮುಟ್ಟದ ಚೇಗು.

ಅಲ್ಲಿಗೆ ಕೈಗರಗಸ.
ಕಿವಿಯ ಮುಚ್ಚಳ ತೆಗೆದು ಕೊರಳಿಗೆ ಹಾಕಿಕೊಂಡರೆ
ಆಗ ಕೇಳುತ್ತದೆ ಮರ: ಎಳೆದಾಗ ಒಂದು ಮಾತು,
ತಳ್ಳಿದಾಗ ಅದಕ್ಕೆ ತಕರಾರು.
ಹೊಲದಾಚೆ ಆ ವರ್ಷದ ಮೊದಲ ಕೊಕ್ಕರೆ
ಕೊಕ್ಕು ಬಡಿಯುವುದೂ.

ಹನ್ನೊಂದನೆಯ ತೊಲೆಯಲ್ಲಿ ಎರಡು ಕೊಯ್ತ ಕೂಡಲಿಲ್ಲ,
ನಡುವೆ ಬೆಂಕಿಕಡ್ಡಿಯಷ್ಟು ಮೆಟ್ಟಿಲು.
"ದೊಡ್ಡದು ತಂದಿದ್ದರೆ" ಎಂದು ಬಾಯಿ ತೆರೆದೆ.
"ಆಗಲೂ ಹೊರಳಿಸಲೇಬೇಕಿತ್ತು. ಹದಿನಾರು ಇಪ್ಪತ್ತಲ್ಲ"
ಅಂದು, ಉಳಿ ಬೇಡಿ ಕೈ ಚಾಚಿದ,
ಮೂರು ಬೆರಳಿನ ಆ ಬಲಗೈ.

ತಿರುಗಿಸಿ ಕೊಟ್ಟೆ, ಹಿಡಿ ಅವನ ಕಡೆಗೆ.