ಮೂರನೆಯ ಕಾಲಂ

ಬದಿಯಡ್ಕದಿಂದ ಆಚೆ, ಮುರಕಲ್ಲಿನ ಗುಡ್ಡೆ ಕಡಿದು ಕಟ್ಟಿದ
ಒಂದೇ ಕೋಣೆಯ ಪ್ರಯೋಗಶಾಲೆ.
ಮೇಲಿನ ಹಲಗೆಯಲ್ಲಿ ಆಟಿ ತಿಂಗಳು,
ಅದರ ಕೆಳಗೆ ಸೋಣ,
ನೆಲದ ಹತ್ತಿರ ಪಗ್ಗು, ಬಿಸಿ ಬಲ್ಬಿನಡಿ.
ಇಲ್ಲಿ ಪಗ್ಗು ತಾನಾಗಿ ಮುಗಿಯುವುದಿಲ್ಲ,
ಸಫ್ರೀನಾ ಮೇಡಂ ಗುಂಡಿ ತಿರುಗಿಸಬೇಕು.

ನನ್ನ ಕೆಲಸ ಎಣಿಸುವುದು.
ಬೆಳಿಗ್ಗೆ ಆರಕ್ಕೆ, ನಲುವತ್ತೆಂಟು ಬಾಟಲಿ,
ಹಿಡಿಸೂಡಿಯ ಕಡ್ಡಿಯಿಂದ ಮೆಲ್ಲಗೆ ಮುಟ್ಟು:
ಸೆಳೆದುಕೊಂಡರೆ ಜೀವಂತ,
ವಾಸನೆ ಬಂದರೆ ಮೃತ.
ಎರಡೂ ಅಲ್ಲದವಕ್ಕೆ
ಸ್ಕೇಲಿಟ್ಟು ನಾನೇ ಒಂದು ಗೆರೆ ಎಳೆದೆ: ಹೇಳಲಾಗದು.
ಮೇಡಂ ನಕ್ಕರು.
"ಕಂಪ್ಯೂಟರಿಗೆ ಸೊನ್ನೆ, ಒಂದು, ಅಷ್ಟೇ ಗೊತ್ತು ಐತ್ತಪ್ಪಣ್ಣ."

ಮನೆಯಲ್ಲಿ ನಾನು ಬೇರೆ ಮನುಷ್ಯ.
ರಾತ್ರಿ ಟಾರ್ಚು, ಬಕೇಟು, ಕಲ್ಲುಪ್ಪು.
ಬಸಳೆ ಚಪ್ಪರ ತಿಂದು, ಪಪ್ಪಾಯಿ ಸಸಿ ತಿಂದು
ಗೋಡೆಯ ಸುಣ್ಣಕ್ಕೂ ಬಾಯಿ ಹಾಕುವ ಜಾತಿ ಇದು.
ಉಪ್ಪು ಬಿದ್ದೊಡನೆ ನೊರೆ ಏಳುವ ಸದ್ದಿಗೆ
ಮಗಳು ಕಿವಿ ಮುಚ್ಚುತ್ತಾಳೆ.
ಬಸವನ ಹೆಸರಿಟ್ಟು
ಉಪ್ಪು ಸುರಿಯುವ ಭಾಷೆ ನಮ್ಮದು.

ಮೂವತ್ತೊಂದನೆಯದು ಪಗ್ಗಿನಲ್ಲಿತ್ತು.
ಹತ್ತೊಂಬತ್ತನೆಯ ದಿನ ಬಾಗಿಲು ಹಾಕಿಕೊಂಡಿತು,
ಚಿಪ್ಪಿನ ಬಾಯಿಗೆ ಬಿಳಿ ಪೊರೆ,
ಒಣಗಿದ ಗಂಜಿಯ ಕೆನೆಯಂತೆ.
ತೂಕ ನಲುವತ್ತೆರಡು ಗ್ರಾಂ, ಆಮೇಲೆ ಮೂವತ್ತಾರು, ಇಪ್ಪತ್ತೊಂಬತ್ತು.
ವಾಸನೆ ಇಲ್ಲ.
ಕಡ್ಡಿಗೆ ಉತ್ತರವಿಲ್ಲ.
ಅರುವತ್ತನೆಯ ದಿನ ಮೇಡಂ, ಬರೆದುಬಿಡಿ, ಅಂದರು.
ಬರೆದೆ. ಪೆನ್ನಿನಲ್ಲಿ. ಅಳಿಸುವ ಹಾಗಿಲ್ಲ, ನಿಯಮ.
ಸತ್ತ ಹನ್ನೆರಡು ಚಿಪ್ಪುಗಳನ್ನು
ಜಗಲಿಯ ಟಬ್ಬಿಗೆ ಹಾಕಿ ಮನೆಗೆ ಹೋದೆ.

ಟಬ್ಬಿನ ಮೇಲಿನ ನಲ್ಲಿ ಸರಿಯಿಲ್ಲ.
ಸುರಂಗದ ನೀರು, ಎಷ್ಟು ಬಿಗಿ ಮಾಡಿದರೂ
ನಿಮಿಷಕ್ಕೆ ನಾಲ್ಕು ಹನಿ. ರಿಪೇರಿಗೆ ಎರಡು ಅರ್ಜಿ ಕೊಟ್ಟಿದ್ದೇನೆ.

ಬೆಳಿಗ್ಗೆ ಎಣಿಸಿದರೆ ಹನ್ನೊಂದು.
ಟಬ್ಬಿನ ಅಂಚಿನಿಂದ ಗೋಡೆಗೆ ಹೊಳೆಯುವ ದಾರಿ,
ಸ್ವಿಚ್ಚು ಬಳಸಿ, ಕ್ಯಾಲೆಂಡರಿನ ಹಿಂದೆ ಹೋಗಿ
ಮತ್ತೆ ಮೇಲೆ.
ಅಲ್ಲಿ ಸುಣ್ಣ ಅಂಗೈಯಗಲ ಮಾಯವಾಗಿತ್ತು.
ಅದರ ಪಕ್ಕ ಅವನು, ಎರಡು ಕೊಂಬು ಚಾಚಿ,
ನನ್ನನ್ನು ನೋಡಿದನೋ ಬಲ್ಬನ್ನೋ,

ಹೇಳಲಾಗದು.

ಮೇಡಂ ಬರುವುದು ಹನ್ನೊಂದರ ಬಸ್ಸಿಗೆ.
ಅಷ್ಟರವರೆಗೆ ಒಂದು ಕ್ಯಾಬೇಜಿನ ಎಲೆ ಕೊಟ್ಟೆ.
ಎಷ್ಟು ತಿಂದಿತೆಂದು ಬರೆದಿಟ್ಟುಕೊಂಡೆ,
ರಿಜಿಸ್ಟರಿನಲ್ಲಲ್ಲ, ಬೀಡಿ ಕಟ್ಟಿನ ಕಾಗದದಲ್ಲಿ.
ಮನೆಯಲ್ಲಿ ಉಪ್ಪು ಮುಗಿದಿದೆ.
ಸಂಜೆ ಪೇಟೆಯಿಂದ ತರಬೇಕು.
ತರುತ್ತೇನೆ.