ಸುಂಕಮ್ಮ ತನ್ನ ಚಿತ್ರ ನೋಡಿದ್ದು

ಇದು ನಾನಂತ.

ನಾಕು ದಿನ ಕುಂತಿದ್ದೆ ಚಿತ್ರದ ಶಾಲ್ಯಾಗ,
ಮೋಕಾ ರಸ್ತೆ ಕಡೆ, ಮಾಳಿಗಿ ಮ್ಯಾಲಿನ ಖೋಲಿ.
ದಿನಕ್ಕ ಮುನ್ನೂರು, ಮಧ್ಯಾಹ್ನ ಚಾ.
ಸುಮ್ನ ಕುಂದ್ರೂದಕ್ಕ ರೊಕ್ಕ ಕೊಡ್ತಾರ ಅಂದ್ರ
ಎರ್ರೆಮ್ಮ ಬಾಯಿಗೆ ಸೆರಗು ಹಿಡಿದು ನಕ್ಕಿದ್ಲು.
ಕಡೀ ದಿನ ತಿಪ್ಪೇಶ ಅನ್ನೋ ಹುಡುಗ
ಹಾಳಿ ಸುರುಳಿ ಸುತ್ತಿ ಕೈಗಿಟ್ಟ,
"ನೀನೇ ಇಟ್ಕೊ ಅಕ್ಕ, ಸರಿ ಬಂದಿಲ್ಲ."

ಸರಿ ಬರದಿದ್ದು ಯಾವುದು ಅಂತ
ಮನ್ಯಾಗ ಹಾಸಿದೆ. ಸುರುಳಿ ಮತ್ತ ಮುದುಡಬಾರದಂತ
ಮೂಲಿಗೊಂದು ಡಬ್ಬಿ: ಉಪ್ಪು, ಜೀರಿಗಿ, ಸಕ್ರಿ,
ಖಾಲಿದೊಂದು.

ಮಾರಿ ಇಲ್ಲ.
ತತ್ತಿಯಂಥ ಗುಂಡು, ನಡುವ ಅಡ್ಡ ಒಂದು, ಉದ್ದ ಒಂದು ಗೆರಿ,
ನಮ್ಮ ಜೀನ್ಸ್ ಶೆಡ್ಡಿನಾಗ ಕಟಿಂಗ್ ಮಾಸ್ತರ
ಗುಂಡಿ ಹಚ್ಚೂ ಜಾಗಕ್ಕ ಸುಣ್ಣದ ಕಡ್ಡಿಲೆ ಹಾಕ್ತಾನಲ್ಲ, ಹಂಗ.
ಕಣ್ಣು ಇಲ್ಲಿ, ಮೂಗು ಇಲ್ಲಿ, ತಡೀರಿ, ಬರ್ತಾವು ಅಂದಂಗ.
ಬರಲಿಲ್ಲ.

ಕಿವಿ ಮಾತ್ರ ಮೂರು ಸಲ ಬರದಾನ, ಮೂರು ಸಲ ಅಳಿಸ್ಯಾನ.
ರಬ್ಬರಿಗೆ ಹೋಗದ ಗೆರಿ ಹಾಳ್ಯಾಗ ತಗ್ಗು ಬಿದ್ದೈತಿ,
ಬೆರಳಾಡಿಸಿದ್ರ ಸಿಗತೈತಿ.
ಇಲ್ಲಿ ತಲಿ ಎತ್ತಿದ್ದೆ. ಇಲ್ಲಿ ಇಳಿಸಿದ್ದೆ.
ಇದು ಊಟ ಆದ ಮ್ಯಾಲಿಂದು, ತೂಕಡಿಸಿದ್ದು.
ಆ ಒಂದು ಕಿವಿ ಸುತ್ತ ಮೂರು ಮಂದಿ ಸುಂಕಮ್ಮ,
ಒಬ್ಬಾಕಿಗಷ್ಟ ಎಚ್ಚರ.

ಬೆನ್ನು ಒಂದೇ ಎಳತ. ಹುಡುಗ ಹೆದರಿಲ್ಲ.
ಕುತ್ತಿಗಿಂದ ಇಳಕೋತ ಬಂದ ಗೆರಿ
ಟೊಂಕದ ಹತ್ರ ಬಲಕ್ಕ ಚೂರು ವಾಲತೈತಿ.
ಹತ್ತೊಂಬತ್ತು ವರ್ಷ ಪ್ಯಾಂಟಿನ ಹೆಚ್ಚಿನ ದಾರ ಕತ್ತರಿಸಿದ ವಾಲು ಅದು.
ಯಾವ ಕಡಿ ನೋಯತೈತಿ ಅಂತ
ಡಾಕ್ಟರು ಮೂರು ಸಲ ಒತ್ತಿ ಕೇಳಿದ್ದ.
ಇವ ಕೇಳಲೇ ಇಲ್ಲ.

ಮಗಳು ಬಂದು ನೋಡಿ,
"ಅವ್ವಾ, ಇದು ಗಂಡಸು. ಹೆಗಲು ನೋಡು."
ಎರ್ರೆಮ್ಮ ತಲಿಕೆಳಗ ಹಿಡಿದು,
"ಬಳ್ಳಾರಿ ಗುಡ್ಡ ಬರದಾನ ನೋಡ್ರಿ, ಬಂಡಿ ಮ್ಯಾಲ ಬಂಡಿ."
ಇಬ್ಬರದೂ ತಪ್ಪಿಲ್ಲ.
ಮೊಣಕಾಲಿನ ಪಕ್ಕ ಒತ್ತಿ ಒತ್ತಿ ತೀಡಿದ ಕಪ್ಪಿನಾಗ
ಏಪ್ರಿಲ್ಲಿನ್ಯಾಗ ಒಂದು ಕುರಿ ಮಲಗೂವಷ್ಟು ನೆಳ್ಳೈತಿ.

ಪಾದ ಇಲ್ಲ. ಹಾಳಿ ಸಾಲಲಿಲ್ಲಂತ.
ನಾ ಅನ್ನೂದು, ಐದಕ್ಕ ನಳ ಬರೂ ಹೊತ್ತು,
ಪಾದ ಮೊದಲ ಎದ್ದು ಕೊಡ ಹಿಡಿಯಾಕ ಹೋಗಿರಬೇಕು.

ಕೈ ನಂದಲ್ಲ.
ಇಷ್ಟೆಲ್ಲ ಒಪ್ಪಿದೆ, ಇದು ಒಪ್ಪಲಾರೆ.
ತೊಡಿ ಮ್ಯಾಲ ಮಕಾಡಿ ಬಿದ್ದಾವ, ಬೆರಳು ಸಡಿಲ,
ಏನೂ ಹಿಡಿದಿಲ್ಲ, ಏನೂ ಬಿಟ್ಟಿದ್ದೂ ಅಲ್ಲ.
ನನ್ನ ಕೈ ಹಿಂಗ ಯಾವಾಗ ಇದ್ದುವು?

ಎರಡನೇ ದಿನ ಕರೆಂಟು ಹೋಗಿತ್ತು.
ಫ್ಯಾನು ನಿಂತು, ಖೋಲಿಯೊಳಗ ಹನ್ನೆರಡು ಪೆನ್ಸಿಲಿನ ಸಪ್ಪಳ,
ಕಾಳಿನ ಚೀಲದಾಗ ಇಲಿ ಆಡಿದಂಗ.
ಆಗ ಇರಬೇಕು. ನಾ ಕೆಳಗ ನೋಡಿರಲಿಲ್ಲ,
ಎದುರಿನ ಗ್ವಾಡಿ ಮ್ಯಾಲ ಹಲ್ಲಿ ನೋಡಾಕ್ಹತ್ತಿದ್ದೆ.

ರಾತ್ರಿ ಎಲ್ಲರೂ ಮಲಗಿದ ಮ್ಯಾಲ
ಚಿತ್ರದಾಕಿ ಕುಂತಂಗ ಕುಂತು ನೋಡಿದೆ.
ಕೈ ತೊಡಿ ಮ್ಯಾಲ. ಬೆರಳು ಸಡಿಲ.
ಉಗುರಿನ ಸಂದಿಯ ನೀಲಿ ಕತ್ತಲದಾಗ ಕಾಣೂದಿಲ್ಲ, ಚಲೋ ಆತು.
ಒಂದು, ಎರಡು, ಮೂರು ಉಸಿರು.
ನಾಕನೇದಕ್ಕ ತೋರಬೆರಳು
ಸೀರಿ ಅಂಚಿನಾಗ ದಾರದ ತುದಿ ಹುಡುಕಾಕ್ಹತ್ತಿತು.